ಬಂದೂಕು ಹೊರಗಿಟ್ಟು ಒಳಗೆ ಬಂದವರು

ಸೌದಿಯಲ್ಲಿ ನಮ್ಮಂಥ ಹೊರಗಿನವರಿಗೆಲ್ಲ ಒಂದೇ ಹೆಸರು: ಸದೀಕ್. ಗೆಳೆಯ ಎಂದು ಅರ್ಥ. ಪೆಟ್ರೋಲ್ ಹಾಕುವವನೂ ಸದೀಕ್, ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವ ನಾನೂ ಸದೀಕ್. ಹೆಸರು ಕೇಳುವಷ್ಟು ಪುರುಸೊತ್ತಿಲ್ಲದವರ ಬಾಯಲ್ಲಿ ಬರುವ ಶಬ್ದ ಅದು. ಇಲ್ಲಿನ ಬೆಟ್ಟದೂರು ಅಭಾಕ್ಕೆ ಬಂದ ಹೊಸದರಲ್ಲಿ ಅದನ್ನು ಕೇಳಿದರೆ ನನಗೆ ಮೈ ಉರಿಯುತ್ತಿತ್ತು. ಹಾಗೆ ಕರೆಸಿಕೊಂಡು ಮುಖ ಅರಳಿಸುತ್ತಿದ್ದವರು ಒಬ್ಬರೇ. ಅವರು ನಮ್ಮ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿದ್ದರು.

"ನಮ್ಮ ಸಭೆಯ ಹೆಸರೇ ಅದು," ಎಂದು ಒಮ್ಮೆ ವಿವರಿಸಿದರು. "ಕ್ರೈಸ್ತರಲ್ಲಿ ನಮ್ಮದೊಂದು ಸಣ್ಣ ಪಂಥ. ಜಗತ್ತು ನಮ್ಮನ್ನು ಕ್ವೇಕರ್ ಅನ್ನುತ್ತದೆ, ನಾವು ಮಾತ್ರ ನಮ್ಮನ್ನು ಗೆಳೆಯರು ಅಂತಲೇ ಕರೆದುಕೊಳ್ಳುವುದು. ಇಲ್ಲಿ ಬಂದಿಳಿದ ದಿನ ಟ್ಯಾಕ್ಸಿಯವನು 'ಯಲ್ಲಾ ಸದೀಕ್', ನಡಿ ಗೆಳೆಯ, ಅಂದ. ಇವನಿಗೆ ನನ್ನ ಪಂಥ ಹೇಗೆ ಗೊತ್ತಾಯಿತು ಎಂದು ಗಾಬರಿಯಾಯಿತು."

ಅವರು ಬುರುಂಡಿಯವರು. ಆಫ್ರಿಕಾದ ನಡುವೆ, ಭೂಪಟದ ಮೇಲೆ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಸಣ್ಣ, ಬರೀ ಗುಡ್ಡಗಳ ದೇಶ. ಆಳೂ ಸಣ್ಣವರೇ. ಗಿಡ್ಡ, ತೆಳ್ಳಗೆ, ಅತಿ ಚಿಕ್ಕ ಅಳತೆಯ ಬಿಳಿ ಕೋಟೂ ಅವರಿಗೆ ಮೊಣಕಾಲು ಮುಟ್ಟುತ್ತಿತ್ತು. ನಗು ಬಂದರೆ ಮೊದಲು ಭುಜ ಕುಣಿಯುತ್ತಿತ್ತು, ಆಮೇಲೆ ಮುಖಕ್ಕೆ ತಲುಪುತ್ತಿತ್ತು. ನಾವು ಮಾತಾಡುತ್ತಿದ್ದದ್ದು ಇಂಗ್ಲಿಷಿನಲ್ಲಿ. ಅಲ್ಲಿ ಶಬ್ದ ಸಿಗದಿದ್ದರೆ ಅರಬಿಯಲ್ಲಿ, ಅಲ್ಲಿಯೂ ಸಿಗದಿದ್ದರೆ ಕೈಸನ್ನೆಯಲ್ಲಿ.

ಕಳೆದ ತಿಂಗಳು ಅವರು ಕೆಲಸ ಬಿಟ್ಟು ಊರಿಗೆ ಹೋದರು. ಅವರ ಜಾಗಕ್ಕೆ ಬಂದ ಕೇರಳದ ಹುಡುಗಿ ಒಳ್ಳೆಯ ಕೆಲಸಗಾರ್ತಿ. ಆದರೆ ರೋಗಿಗಳಿಗೆ "ನೋವಾಗುವುದಿಲ್ಲ, ಹೆದರಬೇಡಿ" ಎನ್ನುತ್ತಾಳೆ. ಎಲ್ಲರೂ ಅನ್ನುವುದು ಹಾಗೆಯೇ. ಅವರು ಅನ್ನುತ್ತಿರಲಿಲ್ಲ. "ನೋವಾಗುತ್ತದೆ. ನಾನು ಇಲ್ಲೇ ಇದ್ದೇನೆ," ಎನ್ನುತ್ತಿದ್ದರು. ಅಷ್ಟೇ ಅವರ ಸಮಾಧಾನ.

ಆಣೆ ಹಾಕುವುದೂ ಅವರಲ್ಲಿ ಇರಲಿಲ್ಲ. ಇಲ್ಲಿ ಮಾತಿಗೊಂದು 'ವಲ್ಲಾ' ಇಲ್ಲದೆ, ಅಂದರೆ ದೇವರಾಣೆ ಎನ್ನದೆ, ಟೊಮೆಟೊ ವ್ಯಾಪಾರವೂ ನಡೆಯುವುದಿಲ್ಲ. ಆಸ್ಪತ್ರೆಯ ಉಗ್ರಾಣದವನು ಒಮ್ಮೆ, "ಮೊನ್ನೆ ಕೊಟ್ಟ ವ್ಯಾಯಾಮದ ಬೆಲ್ಟು ನಿಜವಾಗಿಯೂ ಹರಿದುಹೋಯಿತೇ? ವಲ್ಲಾ ಹೇಳು," ಎಂದು ಪಟ್ಟು ಹಿಡಿದ. ಇವರು "ಹರಿದಿದೆ ಎಂದೆನಲ್ಲ," ಎಂದರು. "ವಲ್ಲಾ ಹೇಳಲು ನಿನಗೇನು ಕಷ್ಟ?" "ಆಣೆ ಹಾಕಿದಾಗ ಮಾತ್ರ ನಿಜ ಹೇಳುತ್ತೇನೆ ಅಂದರೆ, ಉಳಿದ ಹೊತ್ತಲ್ಲಿ ಏನು ಹೇಳುತ್ತೇನೆ ಅಂತ ನಿನಗೆ ಅನುಮಾನ ಬರುವುದಿಲ್ಲವೇ?" ಉಗ್ರಾಣದವನು ತಲೆ ಕೆರೆದುಕೊಂಡು ಹೊಸ ಬೆಲ್ಟು ಕೊಟ್ಟ.

ಅಸೀರ್ ಬೆಟ್ಟದ ಮೇಲಿನ ಹಳ್ಳಿಯಿಂದ ಒಬ್ಬ ಅಜ್ಜ ಬರುತ್ತಿದ್ದ. ಮುರಿದಿದ್ದ ಸೊಂಟದ ಮೂಳೆಯನ್ನು ಜೋಡಿಸಿದ್ದರು. ಎದ್ದು ನಿಲ್ಲು ಎಂದರೆ ಯಾರ ಮಾತೂ ಕೇಳುತ್ತಿರಲಿಲ್ಲ. ಒಂದು ದಿನ ನಾನೂ ಅಲ್ಲಿದ್ದೆ. ಅಜ್ಜ ಇವರನ್ನು ಮೇಲಿಂದ ಕೆಳಗೆ ನೋಡಿ, "ನಿನ್ನ ಕುಲ ಯಾವುದು?" ಎಂದು ಕೇಳಿದ.

"ಸದೀಕ್‌ಗಳ ಕುಲ."

"ನಿಮ್ಮ ಕುಲದಲ್ಲಿ ಬಂದೂಕು ಎಷ್ಟು?"

"ಒಂದೂ ಇಲ್ಲ."

"ಹಾಗಾದರೆ ಇನ್ನೂ ಹೇಗೆ ಉಳಿದಿದ್ದೀರಿ?"

"ಅದು ನಮಗೂ ಅರ್ಥವಾಗಿಲ್ಲ, ಅಜ್ಜ."

ಅಜ್ಜ ನಕ್ಕು ನಕ್ಕು ಕೆಮ್ಮು ಬಂದು, ಕೊನೆಗೆ ಇವರ ತೋಳು ಹಿಡಿದು ಎದ್ದು ನಿಂತ. ಆವತ್ತಿನಿಂದ ಬೇರೆ ಯಾರೂ ತನ್ನನ್ನು ಮುಟ್ಟಕೂಡದು ಎಂದು ಹಟ ಮಾಡಿದ.

ನನ್ನ ಹೆಂಡತಿ ಐರಿನ್ ಅದೇ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸ್. ನಾವು ಉಡುಪಿ ಕಡೆಯ ಕೊಂಕಣಿ ಕ್ರೈಸ್ತರು. ಒಂದು ಶುಕ್ರವಾರ ಅವರನ್ನು ಊಟಕ್ಕೆ ಕರೆದೆವು. ಐರಿನ್ ಕೋಳಿ ಸುಕ್ಕ, ಮೀನು, ಏನೇನೋ ಮಾಡಿದ್ದಳು. ಅವರು ಎಲ್ಲವನ್ನೂ ಬಿಟ್ಟು ಬಾಳೆಕಾಯಿ ಪಲ್ಯದ ಪಾತ್ರೆ ಹತ್ತಿರ ಎಳೆದುಕೊಂಡರು. "ಇದು ನಮ್ಮ ಅಮ್ಮನ ಅಡಿಗೆ. ನಿಮಗೆ ಯಾರು ಕಲಿಸಿದರು?" ಎಂದರು. ಐರಿನ್ ನನ್ನ ಕಿವಿಯಲ್ಲಿ, "ಕೋಳಿಗೆ ಅಷ್ಟು ಕಷ್ಟಪಟ್ಟದ್ದು ದಂಡ ಆಯ್ತಲ್ಲ," ಎಂದಳು. ಮುಂದಿನ ಸಲದಿಂದ ಅವರಿಗೆ ಬಾಳೆಕಾಯಿಯೊಂದೇ.

ಶುಕ್ರವಾರ ಬೆಳಿಗ್ಗೆ ಅವರು ತಮ್ಮ ಕೋಣೆಯಲ್ಲಿ ಒಂದು ಗಂಟೆ ಸುಮ್ಮನೆ ಕೂರುತ್ತಿದ್ದರು. ಅದೇ ಅವರ ಪ್ರಾರ್ಥನೆ. "ಊರಲ್ಲಿ ನಮ್ಮ ಸಭೆ ಎಂದರೆ ಡೋಲು, ಹಾಡು, ಕುಣಿತ. ನಮ್ಮ ಪಂಥದ ಹಿಂದಿನವರು ಮಾತ್ರ ಬರೀ ಮೌನದಲ್ಲಿ ಕೂರುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ನನಗೆ ಅದು ಉಪಯೋಗಕ್ಕೆ ಬಂತು. ಮೌನಕ್ಕೆ ಯಾವ ದೇಶದಲ್ಲೂ ಪರವಾನಗಿ ಬೇಡ," ಎಂದರು. ಇಗರ್ಜಿ ಇಲ್ಲದ ಊರಲ್ಲಿ ಚಡಪಡಿಸುತ್ತಿದ್ದ ನಾನೂ ಕೆಲವು ಸಲ ಅವರ ಜೊತೆ ಹೋಗಿ ಕೂತೆ. ಮೊದಲ ದಿನವೇ ನಿದ್ದೆ ಹೋದೆ. ಎಚ್ಚರವಾದಾಗ, "ನಿದ್ದೆಗೆ ನಮ್ಮಲ್ಲಿ ಅಡ್ಡಿಯಿಲ್ಲ. ಗೊರಕೆ ಮಾತ್ರ ಸ್ವಲ್ಪ ಕಡಿಮೆ ಮಾಡಿ," ಎಂದರು.

ಇಷ್ಟೆಲ್ಲ ಆದರೂ ಅವರ ಹಿಂದಿನ ಬದುಕಿನ ಬಗ್ಗೆ ನಮಗೇನೂ ಗೊತ್ತಿರಲಿಲ್ಲ. ಕ್ಯಾಂಟೀನಿನ ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು. ಬಂಟ್ವಾಳದ ಸದಾನಂದಣ್ಣ, ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಚಾಲಕ, ಒಮ್ಮೆ ಅದನ್ನು ನೋಡಿ ಹೇಳಿದರು: "ಪಾಪ, ರಕ್ತ ನೋಡ್ಲಿಕ್ಕೆ ಆಗುದಿಲ್ಲ ಕಾಣ್ತದೆ ಮಾರಾಯ. ಮೆತ್ತಗಿನ ಜನ." ನಾನೂ ಹಾಗೆಂದೇ ತಿಳಿದಿದ್ದೆ.

ಅದು ಸುಳ್ಳೆಂದು ಗೊತ್ತಾದದ್ದು ಹಾಶಿಮ್‌ನ ಮನೆಯಲ್ಲಿ.

ಹಾಶಿಮ್ ನಮ್ಮ ಔಷಧ ವಿಭಾಗದ ಫಾರ್ಮಸಿಸ್ಟ್, ಸುಡಾನಿನವನು. ಅವನ ದೇಶದಲ್ಲಿ ಒಂದೇ ನೆಲದ ಎರಡು ಪಡೆಗಳು ಕಾದಾಟಕ್ಕೆ ಇಳಿದಾಗ ಅವನ ತಾಯಿ, ತಂಗಿ, ಇಬ್ಬರು ತಮ್ಮಂದಿರು ಖಾರ್ತೂಮಿನ ಮನೆಯಲ್ಲೇ ಸಿಕ್ಕಿಬಿದ್ದರು. ಒಂದು ದಿನ ಸುದ್ದಿ ಬಂತು: ಮನೆ ದೋಚಲು ಬಂದವರು ದೊಡ್ಡ ತಮ್ಮನನ್ನು ಬಾಗಿಲಲ್ಲೇ ಗುಂಡಿಕ್ಕಿ ಕೊಂದಿದ್ದರು. ಇಂಜಿನಿಯರಿಂಗ್ ಓದುತ್ತಿದ್ದ ಚಿಕ್ಕ ತಮ್ಮ ಅದೇ ವಾರ ಸ್ವಯಂಸೇವಕರ ಜೊತೆ ಸೇರಿ ಬಂದೂಕು ಹಿಡಿದಿದ್ದ. ತಾಯಿ, ತಂಗಿ ಕಡಲ ತೀರದ ಪೋರ್ಟ್ ಸುಡಾನ್ ಊರಿನ ಕಡೆ ಓಡಿದ್ದರು. ಹಾಶಿಮ್ ಆಸ್ಪತ್ರೆಯ ಕಚೇರಿಗೆ ಹೋಗಿ ಕೆಲಸ ಬಿಡುತ್ತೇನೆ ಎಂದ. ಇನ್ನು ತಿರುಗಿ ಬರುವುದಿಲ್ಲ, ತಮ್ಮನ ಪಕ್ಕದಲ್ಲಿ ನಿಂತು ಹೋರಾಡುತ್ತೇನೆ ಎಂದು ನಮಗೂ ಹೇಳಿದ.

ಅವನ ಮನೆಗೆ ಸುಡಾನಿಗಳೆಲ್ಲ ಸಂತಾಪಕ್ಕೆ ಬಂದರು. ಕೈಯೆತ್ತಿ, ಸತ್ತವನಿಗಾಗಿ ಫಾತಿಹಾ ಪ್ರಾರ್ಥನೆ ಓದಿ, ಚಹಾ ಕುಡಿದು, ಎದ್ದು ಹೋದರು. ನಾನು ನಮ್ಮ ಬುರುಂಡಿಯವರ ಜೊತೆ ಹೋಗಿದ್ದೆ. ನಾನು ಎದ್ದೆ, ಇವರು ಏಳಲಿಲ್ಲ. ಮರುದಿನ ಸಂಜೆಯೂ ಹೋಗಿ ಅದೇ ಕುರ್ಚಿಯಲ್ಲಿ ಕೂತರಂತೆ. ಸಂತಾಪಕ್ಕೆ ಜನ ಬರುವುದು ನಿಂತ ಮೇಲೂ ಇವರು ಹೋಗುವುದು ನಿಲ್ಲಲಿಲ್ಲ. ಅವನು ಬಟ್ಟೆ ಮಡಚಿ ಪೆಟ್ಟಿಗೆಗೆ ತುಂಬುತ್ತಿದ್ದರೆ ಇವರು ಎದುರಿಗೆ ಮಾತಿಲ್ಲದೆ ಕೂತಿರುತ್ತಿದ್ದರು.

"ಏನಾದರೂ ಹೇಳಬಾರದೇ?" ಎಂದು ನಾನು ಕೇಳಿದೆ.

"ಕೇಳಿದರೆ ಹೇಳುತ್ತೇನೆ," ಎಂದರು.

ಒಂದು ಸಂಜೆ ಐರಿನ್ ಕೊಟ್ಟ ಊಟದ ಡಬ್ಬಿ ಹಿಡಿದುಕೊಂಡು ನಾನು ಒಳಗೆ ಕಾಲಿಡುವುದಕ್ಕೂ ಹಾಶಿಮ್ ಸಿಡಿಯುವುದಕ್ಕೂ ಸರಿಹೋಯಿತು.

"ನೀವು ಯಾಕೆ ದಿನಾ ಬಂದು ಕೂರುತ್ತೀರಿ ನನಗೆ ಗೊತ್ತಿದೆ," ಎಂದ. "ಬಂದೂಕು ಮುಟ್ಟಬಾರದು ಎಂದು ಉಪದೇಶ ಮಾಡಲಿಕ್ಕೆ. ಒಡಹುಟ್ಟಿದ ತಮ್ಮ ಬಾಗಿಲಲ್ಲೇ ಸತ್ತು ಬಿದ್ದರೂ ಸುಮ್ಮನೆ ಕೂರುವ ಧರ್ಮ ನಿಮ್ಮದು."

"ನನ್ನ ಅಣ್ಣ ಸತ್ತಾಗ ನಾನು ಸುಮ್ಮನೆ ಕೂತಿರಲಿಲ್ಲ," ಎಂದರು ಅವರು. "ಅದನ್ನು ಹೇಳಲಿಕ್ಕೇ ಬಂದದ್ದು."

ಹಾಶಿಮ್ ಕೈಯಲ್ಲಿದ್ದ ಅಂಗಿಯನ್ನು ಹಾಗೆಯೇ ಹಿಡಿದು ನಿಂತ. ನಾನು ಬಾಗಿಲ ಬಳಿ ಕೂತೆ.

ಅವರ ತಂದೆ ಗುಡ್ಡದ ಮೇಲಿನ ಗೆಳೆಯರ ಸಭೆಗೆ ಹಿರಿಯರು. ಆಯುಧ ಮುಟ್ಟಬಾರದು ಎನ್ನುವುದು ಆ ಮನೆಯ ಮೊದಲ ಪಾಠ. ಊರಿನಲ್ಲಿ ಎರಡು ಪಂಗಡಗಳು. ಭಾಷೆ ಒಂದೇ, ಗುಡ್ಡ ಒಂದೇ, ಪ್ರಾರ್ಥನೆಗೆ ಕೂರುವ ಬೆಂಚೂ ಒಂದೇ. ಅಂತರ್ಯುದ್ಧ ಶುರುವಾದಾಗ ಸೈನ್ಯ ಒಂದು ಪಂಗಡದ್ದಾಯಿತು, ಕಾಡು ಸೇರಿದ ಬಂಡುಕೋರರು ಇನ್ನೊಂದರವರಾದರು. ಇವರ ಅಣ್ಣ ಶಾಲೆಯಲ್ಲಿ ಮೇಷ್ಟ್ರು. ಒಂದು ದಿನ ಸೈನಿಕರು ಅವರನ್ನು ಬಸ್ಸಿನಿಂದ ಇಳಿಸಿದರು. ಹೆಣ ಸಿಕ್ಕಿತು.

"ಮಣ್ಣು ಮಾಡಿ ಬಂದವನೇ ಕಾಡಿಗೆ ಹೊರಟೆ," ಎಂದರು. "ನಾನೊಬ್ಬನೇ ಅಲ್ಲ, ನಮ್ಮ ಸಭೆಯ ಇನ್ನೂ ಕೆಲವು ಹುಡುಗರು. ಅದೇ ಸಭೆಯ ಆ ಕಡೆಯ ಹುಡುಗರು ಸೈನ್ಯ ಸೇರಿದರು. ಯಾರಿಗೂ ನಮ್ಮ ಧರ್ಮ ಏನು ಹೇಳುತ್ತದೆ ಎಂದು ಗೊತ್ತಿಲ್ಲದೆ ಇರಲಿಲ್ಲ. ಅಪ್ಪನಿಗೆ ಹೇಳಿದೆ, ದೇವರು ಸ್ವಲ್ಪ ಕಾಯಲಿ, ನನಗೆ ಅಣ್ಣನ ಕೆಲಸ ಇದೆ ಅಂತ."

"ಅಪ್ಪ ಬೈದರೇ?" ಎಂದ ಹಾಶಿಮ್.

"ಇಲ್ಲ. 'ಈ ಮನೆ ಬಾಗಿಲು ನಿನಗೆ ಯಾವತ್ತೂ ತೆರೆದೇ ಇರುತ್ತದೆ. ಬಂದೂಕಿಗೆ ಇಲ್ಲ. ಅದನ್ನು ಹೊರಗಿಟ್ಟು ಒಳಗೆ ಬಾ' ಎಂದರು. ಅಷ್ಟೇ."

ಕಾಡಿನಿಂದ ಅವರು ಎಷ್ಟೋ ಸಲ ಮನೆಯ ತನಕ ಬಂದರು. ಆದರೆ ಬಂದೂಕು ಹೊರಗಿಡುವುದು ಹೇಗೆ? ಅದು ಕಳೆದರೆ ಬಂಡುಕೋರರ ನಾಯಕ ತಲೆ ಉಳಿಸುತ್ತಿರಲಿಲ್ಲ. ಹಾಗಾಗಿ ಅಂಗಳದಾಚೆಯ ಬಾಳೆಗಿಡಗಳ ನಡುವೆ ನಿಲ್ಲುತ್ತಿದ್ದರು. ತಾಯಿ ಅಲ್ಲಿಗೇ ಬೇಯಿಸಿದ ಬಾಳೆಕಾಯಿ, ಬೀನ್ಸ್ ಕಾಳು ತಂದುಕೊಟ್ಟು ತಿನ್ನುವ ತನಕ ಪಕ್ಕದಲ್ಲಿ ನಿಲ್ಲುತ್ತಿದ್ದಳು. ತಂದೆ ತೆರೆದ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ನಡುವೆ ಒಂದು ಅಂಗಳ ಅಷ್ಟೇ. ಅದನ್ನು ದಾಟಲಿಕ್ಕೆ ನನ್ನಿಂದ ಆಗುತ್ತಿರಲಿಲ್ಲ," ಎಂದರು. ಅವರ ಸ್ವರ ಬದಲಾಗಲಿಲ್ಲ. ನನಗೆ ಮಾತ್ರ ನಮ್ಮ ಮನೆಯ ಬಾಳೆಕಾಯಿ ಪಲ್ಯ ನೆನಪಾಗಿ ತಲೆ ಎತ್ತಲಾಗಲಿಲ್ಲ.

ಒಂದು ದಿನ ಹೊಳೆಯ ಹತ್ತಿರ ಕಾದಾಟವಾಯಿತು. ಸೈನ್ಯ ಹಿಂದೆ ಸರಿದ ಮೇಲೆ ಜೊಂಡಿನ ನಡುವೆ ಒಬ್ಬ ಸೈನಿಕ ಕಾಲು ಛಿದ್ರವಾಗಿ ಬಿದ್ದಿದ್ದ. "ಮುಗಿಸು," ಎಂದ ನಾಯಕ. ಇವರು ಬಂದೂಕು ಎತ್ತಿದರು. ಬಿದ್ದವನು ಕಣ್ಣು ಬಿಟ್ಟು ನೋಡಿ, "ನೀನು ಮೇಷ್ಟ್ರ ತಮ್ಮ ಅಲ್ಲವೇ?" ಎಂದ.

"ನಮ್ಮ ಸಭೆಯ ಹುಡುಗನೇ. ಅಣ್ಣನ ಶಿಷ್ಯ. 'ಮೇಷ್ಟ್ರು ಸತ್ತ ದಿನ ನಾನೂ ಅತ್ತೆ' ಎಂದ. 'ಆದರೆ ನನ್ನ ಅಮ್ಮನನ್ನು ನಿಮ್ಮವರು ಮನೆಯ ಜೊತೆ ಸುಟ್ಟರು. ನಾನೇನು ಮಾಡಲಿ?' ಎಂದ. ನಾನು ಕಾಡಿಗೆ ಬಂದದ್ದಕ್ಕೆ ಏನು ಕಾರಣವೋ ಅವನು ಸೈನ್ಯಕ್ಕೆ ಹೋದದ್ದಕ್ಕೂ ಅದೇ ಕಾರಣ."

"ನೀವೇನು ಮಾಡಿದಿರಿ?" ಹಾಶಿಮ್‌ನ ಸ್ವರ ಇಳಿದಿತ್ತು.

"ಬಂದೂಕನ್ನು ನಾಯಕನ ಕಾಲ ಬುಡದಲ್ಲಿಟ್ಟೆ. ಅವನನ್ನು ಬೆನ್ನ ಮೇಲೆ ಹಾಕಿಕೊಂಡು ನಡೆದೆ. ಈಗ ಗುಂಡು ಬೀಳುತ್ತದೆ, ಈಗ ಬೀಳುತ್ತದೆ ಎಂದುಕೊಂಡೇ ನಡೆದೆ. ಬೀಳಲಿಲ್ಲ. ನಾಯಕ ಯಾಕೆ ಹೊಡೆಯಲಿಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮನೆಗೆ ತಲುಪಿದಾಗ ಅಪ್ಪ ಬಾಗಿಲಲ್ಲಿದ್ದರು. ಮೊದಲು ನನ್ನ ಕೈ ನೋಡಿದರು. ಆಮೇಲೆ 'ಇಬ್ಬರೂ ಒಳಗೆ ಬನ್ನಿ' ಎಂದರು."

ಹಾಶಿಮ್ ಕೈಯಲ್ಲಿದ್ದ ಅಂಗಿಯನ್ನು ಪೆಟ್ಟಿಗೆಗೆ ಹಾಕದೆ ಮಂಚದ ಮೇಲಿಟ್ಟ.

"ಆ ಸೈನಿಕ ಬದುಕಿದನೇ?" ಹಾಶಿಮ್ ಕೇಳಿದ.

"ಬದುಕಿದ. ಒಂದು ಕಾಲು ಹೋಯಿತು. ಅವನನ್ನು ನಡೆಸಲಿಕ್ಕೆ ಹೋಗಿಯೇ ನಾನು ಈ ವಿದ್ಯೆ ಕಲಿತದ್ದು. ನಡೆಯಲಿಕ್ಕೆ ಕಲಿತವನು ನೆಟ್ಟಗೆ ನಮ್ಮ ಮನೆಗೇ ನಡೆದುಬಂದು ನನ್ನ ತಂಗಿಯನ್ನು ಕೇಳಿದ. ಈಗ ನನ್ನ ಭಾವ. ಕಾಲು ಒಂದೇ ಆದರೂ ಬಾಯಿ ಎರಡಾಳಿನಷ್ಟಿದೆ."

ಹಾಶಿಮ್‌ಗೆ ನಗು ಬಂದುಬಿಟ್ಟಿತು. ತಮ್ಮ ಸತ್ತ ಮೇಲೆ ಅವನು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ನಗು ಮುಗಿಯುವ ಮೊದಲೇ ಅಳು ಬಂತು. ಮುಖ ಒರೆಸಿಕೊಂಡು, "ನನ್ನ ಚಿಕ್ಕ ತಮ್ಮನನ್ನು ಹೊತ್ತು ತರುವವರು ಯಾರು?" ಎಂದ.

ಇವರು ಎದ್ದು, ಅವನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಹೊರಟರು.

ಮರುದಿನ ಹಾಶಿಮ್ ಕಚೇರಿಗೆ ಹೋಗಿ ರಾಜೀನಾಮೆ ಹಿಂದಕ್ಕೆ ಪಡೆದು ರಜೆ ಕೇಳಿದ. ಆದರೂ ನಮಗೆ ಧೈರ್ಯವಿರಲಿಲ್ಲ. ಪೋರ್ಟ್ ಸುಡಾನಿಗೆ ಇಳಿದವನಿಗೆ ಅಮ್ಮನ ಕಡೆಗೂ ದಾರಿಯಿದೆ, ಯುದ್ಧದ ಕಡೆಗೂ ದಾರಿಯಿದೆ. ಅವನನ್ನು ವಿಮಾನ ಹತ್ತಿಸಿ ಬಂದ ಸದಾನಂದಣ್ಣ ಹೇಳಿದರು, "ಅಮ್ಮನನ್ನು ಕರ್ಕೊಂಡು ಬರ್ಲಿಕ್ಕೆ ಹೋದದ್ದಾ, ಬಂದೂಕು ಹಿಡೀಲಿಕ್ಕೆ ಹೋದದ್ದಾ, ಆ ದೇವ್ರಿಗೇ ಗೊತ್ತು ಮಾರಾಯ್ರೆ."

"ಅವನಿಗೇ ಇನ್ನೂ ಗೊತ್ತಿಲ್ಲ," ಎಂದರು ಇವರು.

ಫೋನು ಹೋಗುತ್ತಿರಲಿಲ್ಲ. ವಾರಗಳು ಕಳೆದವು. ಔಷಧ ವಿಭಾಗದ ಕಿಟಕಿಯಲ್ಲಿ ಬೇರೆ ಯಾರೋ ಕೂತರು. ಒಂದು ದಿನ ಇವರು ನನ್ನ ಎಕ್ಸ್-ರೇ ಕೋಣೆಗೆ ಬಂದು ಸ್ಟೂಲಿನ ಮೇಲೆ ಕೂತು, "ನಾನು ಆ ಕಥೆ ಹೇಳಬಾರದಿತ್ತೇನೋ," ಎಂದರು. "ನನ್ನ ಬೆನ್ನಿಗೆ ಗುಂಡು ಬೀಳಲಿಲ್ಲ ಎಂದ ಮಾತ್ರಕ್ಕೆ ಅವನ ಬೆನ್ನಿಗೂ ಬೀಳುವುದಿಲ್ಲ ಎಂದು ಯಾರು ಹೇಳಬೇಕು?" ಅವರು ಹೆದರಿದ್ದನ್ನು ನಾನು ಕಂಡದ್ದು ಆವತ್ತೊಂದೇ ದಿನ. ಅವರ ಪಕ್ಕದಲ್ಲೇ ಸುಮ್ಮನೆ ಕೂತೆ. ಈ ಸಲ ನಿದ್ದೆ ಬರಲಿಲ್ಲ.

ಆಮೇಲೊಂದು ಮಧ್ಯಾಹ್ನ ಹಾಶಿಮ್‌ನ ಸಂದೇಶ ಬಂತು: "ಜಿದ್ದಾಕ್ಕೆ ಬರುತ್ತಿದ್ದೇವೆ. ನಾಲ್ಕು ಜನ." ಇವರು ಬೆರಳು ಮಡಚಿದರು. ಹಾಶಿಮ್, ತಾಯಿ, ತಂಗಿ. ನಾಲ್ಕನೆಯ ಬೆರಳು ಮಡಚುವಾಗ ಭುಜ ಕುಣಿಯಲು ಶುರುವಾಯಿತು.

ಸದಾನಂದಣ್ಣನ ವ್ಯಾನಿನಲ್ಲಿ ಬೆಟ್ಟ ಇಳಿದು, ಕಡಲ ಪಕ್ಕದ ದಾರಿ ಹಿಡಿದು ಜಿದ್ದಾಕ್ಕೆ ಹೋದೆವು. ವಿಮಾನ ನಿಲ್ದಾಣದಲ್ಲಿ ಹಳದಿ ಸೆರಗು ಹೊದ್ದ ಎತ್ತರದ ಹೆಂಗಸು ಎಲ್ಲರಿಗಿಂತ ಮುಂದೆ ನಡೆದುಬಂದರು. ಹಾಶಿಮ್ ಇವರನ್ನು ತೋರಿಸಿದ. ಆಕೆ ಇವರ ಎರಡೂ ಕೈ ಹಿಡಿದು, "ನನ್ನ ಅಪ್ಪನೂ ಜಪಮಾಲೆ ಬಿಟ್ಟು ಬೇರೇನೂ ಹಿಡಿದವರಲ್ಲ ಮಗನೇ," ಎಂದರು. ಹಿಂದೆ ಚಿಕ್ಕ ತಮ್ಮ ನಿಂತಿದ್ದ. ಆರಡಿ ಮೀರಿದ ಆಳು. ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ಜೋತುಬಿದ್ದಿತ್ತು. ಯಾರ ಮುಖವನ್ನೂ ನೋಡಲಿಲ್ಲ.

ಭುಜಕ್ಕೆ ಗುಂಡು ತಾಗಿ ಅವನು ಆಸ್ಪತ್ರೆಯಲ್ಲಿ ಬಿದ್ದಿದ್ದನಂತೆ. ಅವನಿಲ್ಲದೆ ದೇಶ ಬಿಡುವುದಿಲ್ಲ ಎಂದು ತಾಯಿ ಕೂತಿದ್ದರು. ಹಾಶಿಮ್ ಬರಿಗೈಯಲ್ಲಿ ಹೋಗಿ ತಮ್ಮನ ಮಂಚದ ಪಕ್ಕ ಕೂತ. ಕೊನೆಗೆ ತಮ್ಮ ಒಂದು ಕರಾರಿನ ಮೇಲೆ ಹೊರಟ: ಭುಜ ಸರಿಯಾದ ದಿನವೇ ವಾಪಸ್.

ನಾನೇ ಅವನ ಎಕ್ಸ್-ರೇ ತೆಗೆದೆ. ಮೂಳೆ ಕೂಡಿತ್ತು. ಆದರೆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ.

"ಬಂದೂಕು ಎತ್ತುವಷ್ಟು ಆಗಬೇಕು," ಎಂದ ಅವನು, ಫಿಸಿಯೋಥೆರಪಿಯ ಮಂಚದ ಮೇಲೆ ಕೂತು.

"ಅದಕ್ಕಿಂತ ಹೆಚ್ಚೇ ಆಗುತ್ತದೆ," ಎಂದರು ಇವರು. "ನೋವಾಗುತ್ತದೆ. ನಾನು ಇಲ್ಲೇ ಇದ್ದೇನೆ."

ನನಗೆ ತಡೆಯಲಾಗಲಿಲ್ಲ. ಹೊರಗೆ ಬಂದ ಮೇಲೆ, "ನೀವೇ ಅವನ ಕೈ ಸರಿ ಮಾಡಿ ಯುದ್ಧಕ್ಕೆ ಕಳಿಸುತ್ತೀರಾ?" ಎಂದೆ.

"ಕೈ ಸರಿ ಮಾಡುವುದು ನನ್ನ ಕೆಲಸ. ಅದರಲ್ಲಿ ಏನು ಎತ್ತಬೇಕು ಎನ್ನುವುದು ಅವನ ಕೆಲಸ."

ಸದಾನಂದಣ್ಣ ಇದನ್ನು ಕೇಳಿ, "ಅಲ್ಲ ಮಾರಾಯ, ಇವ್ರಿಗೆ ತಲೆ ಸಮ ಉಂಟಾ? ಎಂತದಾದ್ರೂ ನೆವ ಹೇಳಿ ಆರು ತಿಂಗಳು ಎಳೀಬಾರ್ದಾ?" ಎಂದರು. ಹಾಶಿಮ್‌ನ ತಾಯಿಯೂ ಒಂದು ದಿನ ಬಂದು ಅದನ್ನೇ ಬೇಡಿದರು. ಪೂರ್ತಿ ಸರಿ ಮಾಡಬೇಡ, ಇಷ್ಟೇ ಆಗುವುದು ಎಂದು ಹೇಳಿಬಿಡು, ನಿನ್ನ ಕಾಲು ಹಿಡಿಯುತ್ತೇನೆ ಎಂದರು.

ಇವರ ಮುಖ ಬಾಡಿಹೋಯಿತು. ಆದರೂ, "ಸುಳ್ಳು ಹೇಳಿ ಉಳಿಸಿಕೊಂಡರೆ ಅವನು ಉಳಿದ ಹಾಗಲ್ಲ, ಅಮ್ಮ," ಎಂದರು. ಆಕೆ ಸಿಟ್ಟಿನಿಂದ ಎದ್ದು ಹೋದರು. ಎಷ್ಟೋ ದಿನ ಇವರ ಜೊತೆ ಮಾತಾಡಲಿಲ್ಲ.

ಕೈ ದಿನದಿನಕ್ಕೆ ಮೇಲೇರತೊಡಗಿತು. ಗಲ್ಲದ ಮಟ್ಟ, ಕಣ್ಣಿನ ಮಟ್ಟ. ಅವನು ಹಲ್ಲು ಕಚ್ಚಿ ಮಾಡುತ್ತಿದ್ದ. ಒಂದು ಬೆಳಿಗ್ಗೆ ನಾನು ಫಿಲ್ಮ್ ಕೊಡಲು ಒಳಗೆ ಹೋದಾಗ, ಹಾಶಿಮ್‌ನಿಂದ ಇವರ ಕಥೆ ಕೇಳಿದ್ದ ಅವನು ಇವರನ್ನು ಕೇಳುತ್ತಿದ್ದ: "ನೀವು ಎಷ್ಟು ಜನರನ್ನು ಕೊಂದಿದ್ದೀರಿ?"

ಇವರು ಅವನ ಭುಜದಿಂದ ಕೈ ತೆಗೆಯಲಿಲ್ಲ. "ಗೊತ್ತಿಲ್ಲ. ಕತ್ತಲಲ್ಲಿ ಹೊಡೆಯುತ್ತಿದ್ದೆವು. ಊರಿಗೆ ಮರಳಿದ ಮೇಲೆ ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು ಎಲ್ಲರ ಎದುರು ಕೇಳಿದಳು, 'ನನ್ನ ಮಗನನ್ನು ಕೊಂದವರಲ್ಲಿ ನೀನೂ ಇದ್ದೆಯಾ?' ಅಂತ. ಇಲ್ಲ ಎನ್ನಲಿಕ್ಕೆ ಬಾಯಿ ಬರಲಿಲ್ಲ, ಹೌದು ಎನ್ನಲಿಕ್ಕೆ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಮ್ಮ ಎಂದೆ. ಆಮೇಲೆ ಅವಳ ಸುಟ್ಟ ಮನೆಗೆ ಹೋಗಿ ಗೋಡೆ ಕಟ್ಟಲು ಶುರುಮಾಡಿದೆ. ಅವಳು ಒಂದು ಮಾತೂ ಆಡಲಿಲ್ಲ. ಮೇಲೆ ಮಾಡು ಹೊದಿಸುವ ದಿನ ಕುಡಿಯಲಿಕ್ಕೆ ನೀರು ತಂದುಕೊಟ್ಟಳು."

ಹುಡುಗ ತಲೆ ತಗ್ಗಿಸಿದ. "ನನಗೂ ಗೊತ್ತಿಲ್ಲ," ಎಂದ. "ನಾನೂ ಕತ್ತಲಲ್ಲೇ ಹೊಡೆದದ್ದು." ಅಷ್ಟು ದೊಡ್ಡ ಆಳು ಮುಖ ಮುಚ್ಚಿಕೊಂಡು ಅಳತೊಡಗಿದ. ನಾನು ಫಿಲ್ಮನ್ನು ಮೇಜಿನ ಮೇಲಿಟ್ಟು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಕೆಲವು ವಾರಗಳಲ್ಲಿ ಅವನ ಕೈ ನೇರ ಮೇಲಕ್ಕೆ ಎದ್ದು ತೋಳು ಕಿವಿಗೆ ತಾಗಿತು. "ನನ್ನ ಕೆಲಸ ಮುಗಿಯಿತು," ಎಂದು ಇವರು ಕೈಕುಲುಕಿದರು. ಅವನು ಥ್ಯಾಂಕ್ಸ್ ಕೂಡ ಹೇಳದೆ ಹೋದ. ಪೋರ್ಟ್ ಸುಡಾನಿಗೆ ಟಿಕೆಟ್ ಮಾಡಿಸಿದ್ದಾನೆ ಎಂದು ಹಾಶಿಮ್ ಬಂದು ಹೇಳಿದ. ಮನೆಯಲ್ಲಿ ತಾಯಿ ಊಟ ಬಿಟ್ಟಿದ್ದರು. ಇವರು ಕೇಳಿಸಿಕೊಂಡು, "ಇನ್ನೂ ಹೋಗಿಲ್ಲವಲ್ಲ," ಎಂದರು. ಆ ಶುಕ್ರವಾರ ಅವರ ಮೌನ ಒಂದು ಗಂಟೆಗೆ ಮುಗಿಯಲಿಲ್ಲ.

ಅದೇ ಹೊತ್ತಿಗೆ ಇವರೂ ಊರಿಗೆ ಹೊರಟಿದ್ದರು. ಭಾವ ಗುಡ್ಡದ ಮೇಲೆ ಕೃತಕ ಕಾಲು ಮಾಡುವ ಸಣ್ಣ ಕಾರ್ಯಾಗಾರ ತೆರೆದಿದ್ದ. ಕಾಲು ಕಟ್ಟುವುದು ಅವನು, ನಡೆಸುವುದು ಇವರು ಎಂದು ತೀರ್ಮಾನವಾಗಿತ್ತು. ಬೀಳ್ಕೊಡಲು ನಾವು ಊರ ಹೊರಗೆ ಇಸ್ತಿರಾಹಾ ಹಿಡಿದೆವು. ಇಸ್ತಿರಾಹಾ ಎಂದರೆ ದೊಡ್ಡ ಕಾಂಪೌಂಡಿನೊಳಗೆ ದಿನದ ಬಾಡಿಗೆಗೆ ಸಿಗುವ ಮನೆ ಮತ್ತು ಅಂಗಳ. ಐರಿನ್ ಒಂದು ದೊಡ್ಡ ಪಾತ್ರೆ ಬಾಳೆಕಾಯಿ ಬೇಯಿಸಿದಳು. ಹಾಶಿಮ್, ಅವನ ತಂಗಿ, ತಾಯಿ ಬಂದರು. ತಾಯಿ ದೂರ ಕೂತರು. ಚಿಕ್ಕ ತಮ್ಮ ಬಂದಿರಲಿಲ್ಲ.

ಸಂಜೆ ಬಿಸಿಲು ಇನ್ನೂ ಇರುವಾಗ ಗೇಟು ತೆರೆಯಿತು. ಅವನು ಒಬ್ಬನೇ ಬಂದ. ನೆಟ್ಟಗೆ ತಾಯಿಯ ಮುಂದೆ ಹೋಗಿ ನಿಂತ. ಆಕೆ ತಲೆ ಎತ್ತಲಿಲ್ಲ. ಹೊರಡುವ ಮೊದಲು ಆಶೀರ್ವಾದ ಕೇಳಲು ಬಂದಿದ್ದಾನೆ ಎಂದುಕೊಂಡಿರಬೇಕು. ನಾವೂ ಹಾಗೆಂದೇ ಎಣಿಸಿದ್ದೆವು.

"ಟಿಕೆಟ್ ರದ್ದು ಮಾಡಿಸಿ ಬಂದೆ, ಅಮ್ಮ," ಎಂದ. "ಕೈರೋದಲ್ಲಿ ಮಾವನ ಮನೆಗೆ ಹೋಗುತ್ತೇನೆ. ಅರ್ಧಕ್ಕೆ ಬಿಟ್ಟ ಓದು ಮುಗಿಸುತ್ತೇನೆ."

ಆಕೆ ಒಂದು ಕ್ಷಣ ಅವನನ್ನೇ ನೋಡಿದರು. ಆಮೇಲೆ ಎದ್ದು ನಿಂತು, ನಾಲಿಗೆ ಆಡಿಸಿ, ಅವರ ದೇಶದ ಹೆಂಗಸರು ಮದುವೆಯಲ್ಲಿ ಹಾಕುವ ಉದ್ದನೆಯ ಕೇಕೆ ಹಾಕಿದರು. ಮಗಳು ಸೇರಿಕೊಂಡಳು. ನಮ್ಮ ಐರಿನ್‌ಗೂ ತಡೆಯಲಿಲ್ಲ, ಬಾರದಿದ್ದರೂ ಪ್ರಯತ್ನಪಟ್ಟಳು. ಸದಾನಂದಣ್ಣ ನೀರಿನ ಖಾಲಿ ಡ್ರಮ್ಮನ್ನು ಮಗುಚಿ ಹಾಕಿ ಬಡಿಯತೊಡಗಿದರು. ಆಕೆ ಇವರ ಹತ್ತಿರ ಬಂದು ಹಣೆಗೆ ಮುತ್ತಿಟ್ಟು, ಎಷ್ಟೋ ದಿನದಿಂದ ಕಟ್ಟಿಟ್ಟಿದ್ದ ಮಾತನ್ನೆಲ್ಲ ಒಟ್ಟಿಗೆ ಆಡಿದರು. ಅರಬಿ ಅಷ್ಟು ವೇಗವಾಗಿ ಬಂದರೆ ಇವರಿಗಾಗಲಿ ನನಗಾಗಲಿ ತಿಳಿಯುತ್ತಿರಲಿಲ್ಲ.

ಆಗ ಆ ಹುಡುಗ ಬಗ್ಗಿ, ಇವರನ್ನು ಎತ್ತಿ ಬಲಭುಜದ ಮೇಲೆ ಕೂರಿಸಿಕೊಂಡ.

"ಮೊಣಕಾಲು ಬಾಗಿಸು! ಬೆನ್ನು ನೆಟ್ಟಗೆ!" ಎಂದು ಇವರು ಮೇಲಿಂದ ಕೂಗಿದರು. ಆಮೇಲೆ ಕೂಗುವುದನ್ನು ಬಿಟ್ಟು, ಎರಡೂ ಕೈ ಮೇಲೆತ್ತಿ, ತಮ್ಮ ಊರಿನ ಸಭೆಯ ಹಾಡನ್ನು ಗಂಟಲು ಬಿಟ್ಟು ಹಾಡತೊಡಗಿದರು. ಇಷ್ಟು ವರ್ಷ ಮೌನದಲ್ಲಿ ಕೂತದ್ದನ್ನಷ್ಟೇ ಕಂಡಿದ್ದ ನನಗೆ ಅವರಿಗೆ ಅಂಥ ಸ್ವರವಿದೆ ಎಂದೇ ಗೊತ್ತಿರಲಿಲ್ಲ. ಹುಡುಗ ಅವರನ್ನು ಹೊತ್ತು ಇಡೀ ಅಂಗಳ ಸುತ್ತಿ ಬಂದ. ಸಾಕು, ಇಳಿಸು ಎಂದರು. ಅವನು ಇಳಿಸಲಿಲ್ಲ. ಇನ್ನೊಂದು ಸುತ್ತು ಹೊರಟ.